ಎರಡನೆಯ ಪದರ

ಪುಣೆಗೆ ಬಂದು ಹದಿನಾರು ವರ್ಷವಾಯಿತು. ಪಾಷಾಣ್ ರಸ್ತೆಯಲ್ಲಿ, 1950ರಲ್ಲಿ ನೆಹರೂ ಉದ್ಘಾಟಿಸಿದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ದಾಟಿ ನಾನು ಕೆಲಸ ಮಾಡುವ ಸಣ್ಣ ಲ್ಯಾಬಿಗೆ ಹೋಗುತ್ತೇನೆ. ಒಂದು ಚಮಚ ಲೋಹದ ಪುಡಿಯ ಕಣಗಳಿಗೆಲ್ಲ ಸೇರಿ ಎಷ್ಟು ಮೇಲ್ಮೈ ಇದೆ ಎಂದು ಅಳೆಯುವುದು ನನ್ನ ಕೆಲಸ. ಅಳತೆಗೋಲು ಕ್ರಿಪ್ಟಾನ್ ಅನಿಲ.

ಶಾಲೆಯಲ್ಲಿ ನಾವು ಇವನ್ನು ಜಡ ಅನಿಲ ಎಂದು ಓದಿದ್ದೆವು. ಯಾರೊಂದಿಗೂ ಸುಲಭಕ್ಕೆ ಬಂಧ ಬೆಳೆಸದ ಜಾತಿ. ಆದರೆ ಪುಡಿ ತುಂಬಿದ ಕೊಳವೆಯಿಂದ ಗಾಳಿ ತೆಗೆದು, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಳಿಸಿ, ಸ್ವಲ್ಪಸ್ವಲ್ಪವೇ ಕ್ರಿಪ್ಟಾನ್ ಬಿಟ್ಟರೆ ಅದು ಲೋಹದ ಮೇಲೆ ಹೋಗಿ ಕೂರುತ್ತದೆ. ಪರಮಾಣುವಿನ ಎಲೆಕ್ಟ್ರಾನುಗಳು ಕ್ಷಣಕ್ಷಣಕ್ಕೂ ಆಚೀಚೆ ವಾಲುತ್ತವೆ. ಆ ವಾಲುವಿಕೆಗೆ ಲೋಹದ ಎಲೆಕ್ಟ್ರಾನುಗಳೂ ಸ್ಪಂದಿಸುತ್ತವೆ. ಅಷ್ಟೇ ಸೆಳೆತ. ವಾನ್ ಡರ್ ವಾಲ್ಸ್ ಬಲ ಎಂದು ಅದರ ಹೆಸರು. ಒತ್ತಡ ಎಷ್ಟು ಇಳಿಯಿತು ಎಂಬುದರಿಂದ ಎಷ್ಟು ಪರಮಾಣು ಕೂತವು ಎಂದು ತಿಳಿಯುತ್ತದೆ. ಒಂದೊಂದಕ್ಕೂ ಸುಮಾರು 0.2 ಚದರ ನ್ಯಾನೋಮೀಟರ್ ಜಾಗ. ಗುಣಿಸಿದರೆ ಮೇಲ್ಮೈ ಸಿಕ್ಕಿತು.

ತೊಡಕೆಂದರೆ, ಮೊದಲ ಪದರ ತುಂಬುವ ಮೊದಲೇ ಕೆಲವು ಪರಮಾಣುಗಳು ಅದರ ಮೇಲೆ ಹತ್ತಿ ಕೂರುತ್ತವೆ. 1938ರಲ್ಲಿ ಬ್ರೂನಾವರ್, ಎಮೆಟ್, ಟೆಲ್ಲರ್ ಎಂಬ ಮೂವರು ಇದಕ್ಕೊಂದು ಲೆಕ್ಕ ಕೊಟ್ಟರು. ನಮ್ಮ ಮೆಷಿನ್ ಇಂದಿಗೂ ಅದನ್ನೇ ಬಳಸುತ್ತದೆ. ಮೊದಲ ಪದರವನ್ನು ಹಿಡಿದಿರುವುದು ಲೋಹ. ಎರಡನೆಯದಕ್ಕೆ ಲೋಹ ಮುಟ್ಟುವುದೇ ಇಲ್ಲ. ಅದನ್ನು ಹಿಡಿದಿರುವುದು ಕೆಳಗಿನ ಕ್ರಿಪ್ಟಾನ್. ಅದಕ್ಕೇ ಬಿಸಿ ಏರಿದಾಗ ಮೊದಲು ಹಾರಿಹೋಗುವುದು ಮೇಲಿನ ಪದರ.

ಇದೇ ಬಳಗದ ಕ್ಸೆನಾನ್‌ಗೆ 1898ರಲ್ಲಿ ಇಟ್ಟ ಹೆಸರಿನ ಅರ್ಥ ಗ್ರೀಕಿನಲ್ಲಿ 'ಪರಕೀಯ'. ಊರು ಬಿಟ್ಟವರಿಗೆ ಇಂಥ ಹೆಸರು ಸುಮ್ಮನೆ ಕಿವಿಗೆ ಬಿದ್ದು ಹೋಗುವುದಿಲ್ಲ.

ನನ್ನ ಮಗಳು ಪುಣೆಯಲ್ಲೇ ಹುಟ್ಟಿದವಳು. ಗೆಳತಿಯರೊಂದಿಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ನನ್ನ ಕನ್ನಡಕ್ಕೆ ರಾಣೆಬೆನ್ನೂರಿನ ಸಂತೆ, ಬಸ್ ಸ್ಟ್ಯಾಂಡು, ಸೋದರಮಾವನ ಬೈಗುಳ ಎಲ್ಲವೂ ತಾಗಿವೆ. ಅವಳ ಕನ್ನಡಕ್ಕೆ ತಾಗಿರುವುದು ನಾನು ಮತ್ತು ಅವಳ ತಾಯಿ, ಇಬ್ಬರೇ. ನಾವು ಎಷ್ಟೇ ಶುದ್ಧವಾಗಿ ಮಾತಾಡಿದರೂ ನಾವು ಲೋಹವಲ್ಲ, ಮೊದಲ ಪದರ. ನಾಳೆ ಅವಳು ಹಾಸ್ಟೆಲ್ಲಿಗೋ ಕೆಲಸಕ್ಕೋ ಹೊರಟರೆ ಆ ಹಿಡಿತ ಎಷ್ಟು ದಿನ ತಡೆದೀತು?

ಆದರೆ ಕೆಳಗೆ ಖಾಲಿ ಜಾಗವಿದ್ದರೆ ಮೇಲಿನ ಪರಮಾಣು ಇಳಿದು ಲೋಹವನ್ನು ಮುಟ್ಟಬಲ್ಲದು. ಅಲ್ಲಿ ಕೂತರೆ ಹಿಡಿತವೂ ಹೆಚ್ಚು. ಹಾಗಾಗಿ ಈ ಮೇ ತಿಂಗಳಲ್ಲಿ ಮಹಾಬಳೇಶ್ವರ ಬೇಡ, ಇಡೀ ತಿಂಗಳು ಅಜ್ಜಿಯ ಮನೆ ಎಂದು ತೀರ್ಮಾನಿಸಿದ್ದೇವೆ. ನಾವಿಬ್ಬರೂ ಜೊತೆಗೆ ಹೋಗುವುದಿಲ್ಲ. ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ವೈಫೈ ಇದೆಯಾ?" ಇಲ್ಲ ಎಂದೆ. "ಹಾಗಾದ್ರೆ ದಿನಾ ಏನ್ ಮಾಡ್ಲಿ?"

"ಅಜ್ಜೀನ ಕೇಳು" ಎಂದೆ. ಅದನ್ನಂತೂ ಕನ್ನಡದಲ್ಲೇ ಕೇಳಬೇಕು.