ತಲೆಯಾಡಿಸಿದವರಿಗೆಲ್ಲ ಅರ್ಥವಾಗಿರುವುದಿಲ್ಲ

ಇಂಗ್ಲೆಂಡಿನ ಒಂದು ಹಳೇ ಕೇಸಿನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಕಾನೂನು ಓದಿದವನಲ್ಲ ನಾನು, ಬರೀ ಬಿಕಾಂ. ಆದರೂ ಈ ಕೇಸು ತಲೆಯಿಂದ ಹೋಗುತ್ತಿಲ್ಲ.

1972ರ ಏಪ್ರಿಲ್. ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ಒಂದು ಮನೆಗೆ ಬೆಂಕಿ ಬಿತ್ತು. ಆರಿಸಲು ಹೋದವರಿಗೆ ಮ್ಯಾಕ್ಸ್‌ವೆಲ್ ಕಾನ್ಫೆ ಎಂಬಾತನ ಹೆಣ ಸಿಕ್ಕಿತು. ಕತ್ತು ಬಿಗಿದು ಕೊಂದಿದ್ದರು. ಪೊಲೀಸರು ಮೂವರು ಹುಡುಗರನ್ನು ಹಿಡಿದರು. ವಯಸ್ಸು 18, 15, 14. ಹದಿನೆಂಟರವನ ಬುದ್ಧಿ ಬೆಳೆದದ್ದು ಎಂಟು ವರ್ಷದ ಮಗುವಿನಷ್ಟು. ವಿಚಾರಣೆಯ ಹೊತ್ತಿನಲ್ಲಿ ಪಕ್ಕದಲ್ಲಿ ಅಪ್ಪ ಅಮ್ಮ ಯಾರೂ ಇರಲಿಲ್ಲ. ಹೇಳಿಕೆಗಳಿಗೆ ಸಹಿ ಬಿತ್ತು, ಅದೇ ವರ್ಷ ಶಿಕ್ಷೆಯೂ ಆಯಿತು. ಕೊಲೆಯಾದ ಹೊತ್ತಿಗೂ ಅವರ ಹೇಳಿಕೆಗೂ ತಾಳೆಯಾಗುವುದಿಲ್ಲ ಎಂದು ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿದ್ದು 1975ರಲ್ಲಿ. ಅಷ್ಟರಲ್ಲಿ ಮೂರು ವರ್ಷ ಹೋಗಿತ್ತು!

ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ ಅಂತ ನೀವು ಕೇಳಬಹುದು. ಒಪ್ಪಿಕೊಳ್ಳುತ್ತಾರೆ. ದೊಡ್ಡವರನ್ನು ಮೆಚ್ಚಿಸಲು, ಬೈಗುಳ ತಪ್ಪಿಸಿಕೊಳ್ಳಲು, ಬೇಗ ಮನೆಗೆ ಹೋಗಲು. ಮುಂಬಯಿಯಲ್ಲಿ ಇಷ್ಟು ವರ್ಷ ಸಾಲದ ಕಾಗದಗಳಿಗೆ ಸಹಿ ಹಾಕಿಸಿದ ನನಗೆ ಇದು ಆಶ್ಚರ್ಯವೇ ಅಲ್ಲ. "ಸಮಝ್ ಗಯೇ?" ಎಂದರೆ "ಹಾಂ ಸಾಬ್" ಎನ್ನದವರು ಕಡಿಮೆ. ಅದಕ್ಕೇ ನಾನು ಆ ಪ್ರಶ್ನೆ ಕೇಳುವುದೇ ಇಲ್ಲ. "ಕಂತು ಎಷ್ಟು, ಯಾವ ತಾರೀಕು, ನೀವೇ ಹೇಳಿ" ಎನ್ನುತ್ತೇನೆ. ಯಾರಿಗೆ ಅರ್ಥವಾಗಿಲ್ಲ ಎಂಬುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಕಾನ್ಫೆ ಕೇಸಿನ ಬಗ್ಗೆ ಹೆನ್ರಿ ಫಿಶರ್ ಎಂಬ ಮಾಜಿ ನ್ಯಾಯಾಧೀಶರು 1977ರಲ್ಲಿ ವರದಿ ಕೊಟ್ಟರು. ಮುಂದೆ 1984ರಲ್ಲಿ ಹೊಸ ಪೊಲೀಸ್ ಕಾಯಿದೆ ಬಂತು. ಅದರ ನಿಯಮದ ಪ್ರಕಾರ ಮಕ್ಕಳನ್ನೂ ಇಂಥ ದೊಡ್ಡವರನ್ನೂ ಪ್ರಶ್ನಿಸುವಾಗ ಪೊಲೀಸರಲ್ಲದ ಒಬ್ಬರು ಜೊತೆಗೆ ಕೂರಬೇಕು. 'ಅಪ್ರೋಪ್ರಿಯೇಟ್ ಅಡಲ್ಟ್' ಎಂದು ಅವರಿಗೆ ಹೆಸರು. ಒಳ್ಳೆಯ ನಿಯಮವೇ. ಆದರೆ ಮಕ್ಕಳಿಗೆ ಹುಟ್ಟಿದ ತಾರೀಕು ನೋಡಿದರೆ ಸಾಕು. ದೊಡ್ಡವರಲ್ಲಿ ಇಂಥವರು ಯಾರೆಂದು ಠಾಣೆಯವರು ಮೊದಲು ಗುರುತಿಸಬೇಕಲ್ಲ?

ಕಷ್ಟ ಇರುವುದು ಅಲ್ಲೇ. ಓದಲು ಬಾರದವನು "ಕನ್ನಡಕ ಮರೆತು ಬಂದೆ" ಎನ್ನುತ್ತಾನೆ. ಚಿಕ್ಕಂದಿನಿಂದ ನಗೆಪಾಟಲಾದವನು ತನ್ನ ಕೊರತೆ ಮುಚ್ಚಿಡಲು ಚೆನ್ನಾಗಿ ಕಲಿತಿರುತ್ತಾನೆ. ಆಟಿಸಂ ಇದ್ದವರದ್ದು ಇನ್ನೊಂದು ಬಗೆ. ಮಾತು ಸ್ಪಷ್ಟ, ಬುದ್ಧಿ ಚುರುಕು ಇರಬಹುದು, ಆದರೆ ಕಣ್ಣಿಗೆ ಕಣ್ಣಿಟ್ಟು ನೋಡಲಾರರು. ಗದ್ದಲ, ಬೆಳಕು ಹೆಚ್ಚಾದರೆ ಕಂಗೆಡುತ್ತಾರೆ. ಮಾತನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆ. "ಎಲ್ಲಿದ್ದೆ ಅಂತ ಹೇಳೋಕಾಗುತ್ತಾ?" ಎಂದರೆ "ಆಗುತ್ತೆ" ಎಂದು ಸುಮ್ಮನಾಗಬಹುದು. ಪೊಲೀಸರ ಕಣ್ಣಿಗೆ ಇದು ಕೊಬ್ಬು, ಇಲ್ಲವೇ ಕಳ್ಳತನ! 2009ರಲ್ಲಿ ಲಾರ್ಡ್ ಬ್ರಾಡ್ಲಿ ಅವರ ವರದಿ ಬಂದಾಗಲೂ ಮುಖ್ಯ ಮಾತು ಇದೇ ಆಗಿತ್ತು. ಇಂಥವರನ್ನು ಜೈಲಿಗೆ ಹೋದಮೇಲಲ್ಲ, ಠಾಣೆಯಲ್ಲೇ ಗುರುತಿಸಬೇಕು.

ಇನ್ನು ನಮ್ಮ ದೇಶ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಬೌದ್ಧಿಕ ವಿಕಲತೆಯೂ ಇದೆ, ಆಟಿಸಂ ಕೂಡ ಇದೆ. ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪು ನಮ್ಮ ಕೋರ್ಟಿನಲ್ಲಿ ಪುರಾವೆಯಲ್ಲ ಎಂಬ ರಕ್ಷಣೆ ಬ್ರಿಟಿಷರ ಕಾಲದಿಂದಲೂ ಇದೆ. ಹಾಗಂತ ನೆಮ್ಮದಿಯಿಂದ ಇರುವಂತಿಲ್ಲ. ಬಂಧನ, ಜಾಮೀನು, ವರ್ಷಗಟ್ಟಲೆ ಅಲೆದಾಟ ಇವೆಲ್ಲ ತೀರ್ಪಿಗೆ ಮೊದಲೇ ಶುರುವಾಗುತ್ತವೆ. ಯಾವ ಪೇಪರಿಗೆ ಸಹಿ ಹಾಕಿದೆ, ವಕೀಲರು ಏನು ಹೇಳಿದರು ಎಂಬುದು ತಿಳಿಯದವನಿಗೆ ಪುಸ್ತಕದಲ್ಲಿರುವ ಹಕ್ಕಿನಿಂದ ಏನು ಪ್ರಯೋಜನ?

ಗುರುತಿಸುವುದಕ್ಕೆ ಪ್ರತಿ ಠಾಣೆಗೂ ಮನೋವೈದ್ಯರು ಬೇಕೆಂದೇನಿಲ್ಲ. ಯಾವ ಶಾಲೆಯಲ್ಲಿ ಓದಿದೆ, ಬಸ್ಸಿನಲ್ಲಿ ಒಬ್ಬನೇ ಹೋಗುತ್ತೀಯಾ, ಮನೆಯಲ್ಲಿ ದುಡ್ಡಿನ ಲೆಕ್ಕ ಯಾರು ನೋಡುತ್ತಾರೆ, ನಾನು ಈಗ ಹೇಳಿದ್ದು ಏನು? ಈ ನಾಲ್ಕು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ತಾಳ್ಮೆ ಇದ್ದರೆ ಅನುಮಾನವಾದರೂ ಬರುತ್ತದೆ. ಅನುಮಾನ ಬಂದಮೇಲೆ ಪೆನ್ನು ಕೆಳಗಿಟ್ಟು ಮನೆಯವರಿಗೆ, ಡಾಕ್ಟರಿಗೆ ಫೋನು ಮಾಡಬೇಕು. ಸಹಿ ಆಮೇಲೆ.