ಇಟ್ಟಿಗೆ ಕಾಲುವೆಯ ಪಕ್ಕ ಒಂದು ದಾರಿ

ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ಹಾದುಬರುವ ಅರ್ಕಾವತಿಯನ್ನು 1890ರ ದಶಕದಲ್ಲಿ ಹೆಸರಘಟ್ಟದಲ್ಲಿ ತಡೆದು, ಬೆಂಗಳೂರಿಗೆ ನೀರು ಒಯ್ದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ ಅದು. ತರಬನಹಳ್ಳಿಯತ್ತ ನೀರು ಹರಿದ ಇಟ್ಟಿಗೆ ಕಾಲುವೆಯ ಕುರುಹು ಈಗಲೂ ಇದೆ. ಇಟ್ಟಿಗೆಯ ಸಂದಿಯಲ್ಲಿ ಬೇರಿಳಿಸುವ ಅರಳಿ ಸಸಿಯನ್ನು ಎಳೆಯದರಲ್ಲೇ ಕೀಳದಿದ್ದರೆ ಗಾರೆ ಬಿರಿಯುತ್ತದೆ. ಜನ ಓಡಾಡುವ ಜಾಗದಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ.

ನ್ಯೂಯಾರ್ಕಿಗೆ 1842ರಿಂದ ನೀರುಣಿಸಿದ ಕ್ರೋಟನ್ ಕಾಲುವೆಯ ನೆಲವನ್ನು 1968ರಲ್ಲಿ ರಾಜ್ಯ ಸರ್ಕಾರ ಕೊಂಡಿತು. ಇಂದು ಅಲ್ಲಿ ಸುಮಾರು 42 ಕಿ.ಮೀ. ಉದ್ದಕ್ಕೂ ಜನ ನಡೆಯುತ್ತಾರೆ, ಓಡುತ್ತಾರೆ, ಸೈಕಲ್ ತುಳಿಯುತ್ತಾರೆ.

ಇಲ್ಲೂ ಆಗಬೇಕು.

ನೆಲ ಜಲಮಂಡಳಿಯದೇ ಆಗಿರಲಿ. ಪಂಪು, ಪೈಪುಗಳಿಗೆ ಬೇಲಿಯಿರಲಿ. ಬೈಕು ನುಗ್ಗದಂತೆ ಕಲ್ಲುಕಂಬ ನೆಟ್ಟು, ಪಕ್ಷಿವೀಕ್ಷಕರಿಗೂ ಕುರಿಗಾಹಿಗಳಿಗೂ ಸೈಕಲ್ಲಿನ ಮಕ್ಕಳಿಗೂ ಒಂದು ಮಣ್ಣುದಾರಿ ಬಿಡಬೇಕು.