ಎರಡನೇ ಸಹಿ

ಭಾಗಮಂಡಲದಲ್ಲಿ ಮಳೆ ಹಿಡಿದರೆ ಹೇಗಿರುತ್ತೆ ಅಂತ ನೋಡಿದವರಿಗೇ ಗೊತ್ತು. ಮೂರು ದಿನದಿಂದ ಕರೆಂಟಿಲ್ಲ. ಸಂಗಮದ ಹತ್ತಿರ ನೀರು ಎಲ್ಲಿಯವರೆಗೆ ಬಂದಿದೆ ಅಂತ ನೋಡಿಕೊಂಡು ಬರೋದೇ ಅಪ್ಪನಿಗೆ ಕೆಲಸ. ರಜೆ ಹಾಕಿ ತವರಿಗೆ ಬಂದ ನಾನೋ, ಒಲೆ ಮುಂದೆ ಕೂತು ಹಲಸಿನ ಬೀಜ ಸುಟ್ಟುಕೊಂಡು ತಿನ್ನೋದು ಬಿಟ್ಟು ಬೇರೇನೂ ಮಾಡಿಲ್ಲ :) ಅಂಥದ್ದರಲ್ಲಿ ಮೊನ್ನೆ ಸಂಜೆ ಮೊಬೈಲಿಗೆ ಎಲ್ಲಿಂದಲೋ ಒಂದು ಕಡ್ಡಿ ಸಿಗ್ನಲ್ ಬಂತು. ಅದರ ಹಿಂದೆಯೇ ಒಂದು ಫಾರಂ ಬಂತು.

ಮಂಗಳೂರಿನಲ್ಲಿ ಓದುವಾಗ ನಾನಿದ್ದ ಹಾಸ್ಟೆಲ್ಲಿನ ಹಳೆ ಹುಡುಗಿಯರದ್ದೊಂದು ಬಳಗವಿದೆ. ವರ್ಷಕ್ಕೊಮ್ಮೆ ಸೇರ್ತೀವಿ, ಊಟ ಮಾಡ್ತೀವಿ, ಮೆಸ್ಸಿನ ನೀರು ಸಾಂಬಾರನ್ನು ಇನ್ನೊಮ್ಮೆ ಬೈದುಕೊಳ್ತೀವಿ. ಜೊತೆಗೆ ಎಲ್ಲರೂ ಒಂದಿಷ್ಟು ದುಡ್ಡು ಹಾಕಿ ಪ್ರತಿವರ್ಷ ಇಬ್ಬರು ಹುಡುಗಿಯರ ಹಾಸ್ಟೆಲ್ ಫೀಸು ಕಟ್ತೀವಿ. ದುಡ್ಡಿನ ವಿಷಯ ಇರೋದರಿಂದ ಸೇರಿಸಿಕೊಳ್ಳೋದಕ್ಕೆ ಒಂದು ನಿಯಮ. ಹೊಸಬರ ಹೆಸರನ್ನು ಒಬ್ಬ ಸದಸ್ಯೆ ಸೂಚಿಸಬೇಕು, ಇನ್ನೊಬ್ಬಳು ಅನುಮೋದಿಸಬೇಕು. ಎರಡು ಸಹಿ. "ಈ ವರ್ಷ ಎಲ್ಲರೂ ಒಬ್ಬೊಬ್ಬರನ್ನಾದರೂ ಸೂಚಿಸಿ" ಅಂತ ಕಾರ್ಯದರ್ಶಿ ಅಕ್ಕ ಬರೆದಿದ್ದರು.

ಫಾರಂ ತೆರೆದೆ. ಹೆಸರು, ಊರು, ಹಾಸ್ಟೆಲ್ಲಿನಲ್ಲಿದ್ದ ವರ್ಷಗಳು, ಪದವಿ ಮುಗಿಸಿದ ವರ್ಷ...

ಆ ನಾಲ್ಕನೇ ಸಾಲಿಗೆ ಬಂದು ನಿಂತುಬಿಟ್ಟೆ.

ನನಗೊಬ್ಬಳು ರೂಮ್‌ಮೇಟ್ ಇದ್ದಳು. ಹೆಸರು ಬೇಡ, ಅವಳಿಗೆ ಇಷ್ಟವಾಗಲಿಕ್ಕಿಲ್ಲ. ಚೇರಂಬಾಣೆ ಕಡೆಯವಳು. ರಜೆ ಮುಗಿಸಿ ಹೋಗುವಾಗ ನಾನು ಭಾಗಮಂಡಲದಲ್ಲಿ ಬಸ್ ಹತ್ತಿ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟಿರುತ್ತಿದ್ದೆ. ಅವಳು ಚೇರಂಬಾಣೆಯಲ್ಲಿ ಹತ್ತಿ, ಆ ಬ್ಯಾಗ್ ಎತ್ತಿ ನನ್ನ ಮಡಿಲಿಗೆ ಹಾಕಿ ಕೂರುತ್ತಿದ್ದಳು. ಮಡಿಕೇರಿಯಲ್ಲಿ ಬಸ್ ಬದಲಿಸಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರು ಮುಟ್ಟುವವರೆಗೆ ಮಾತೇ ಮಾತು. ಇಬ್ಬರದೂ ಅರೆಭಾಷೆ. ಹಾಸ್ಟೆಲ್ಲಿನಲ್ಲಿ ಬೇರೆಯವರಿಗೆ ಗೊತ್ತಾಗಬಾರದ ಮಾತೆಲ್ಲ ಅದರಲ್ಲೇ. (ಸುಳ್ಯದ ಹುಡುಗಿಯರಿಗೆ ಅಷ್ಟೂ ಅರ್ಥವಾಗ್ತಿತ್ತು ಅಂತ ಆಮೇಲೆ ತಿಳೀತು!)

ಎರಡನೇ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಅವಳ ಅವ್ವನಿಗೆ ಕಾಯಿಲೆ ಜೋರಾಯಿತು. ಮನೆಯಲ್ಲಿ ಇಬ್ಬರು ಸಣ್ಣ ತಮ್ಮಂದಿರು. "ಹದಿನೈದು ದಿನದಲ್ಲಿ ಬರ್ತೀನಿ, ನನ್ನ ಬಕೆಟ್ ಯಾರಿಗೂ ಕೊಡಬೇಡ" ಅಂದು ಹೋದವಳು ಮತ್ತೆ ಬರಲಿಲ್ಲ. ಬೇಸಿಗೆ ರಜೆಯಲ್ಲಿ ಆ ಬಕೆಟ್ಟನ್ನು ನಾನೇ ಹೊತ್ತು ತಂದು ಅವಳ ಮನೆಗೆ ಮುಟ್ಟಿಸಿದೆ.

ಎಷ್ಟೋ ವರ್ಷಗಳಾದ ಮೇಲೆ ಬಳಗ ಶುರುವಾಯಿತು. ಮೊದಲ ದಿನ ಕೂತು ಹೆಸರುಗಳ ಪಟ್ಟಿ ಮಾಡ್ತಾ ಇದ್ದೆವು. ಯಾರೋ ಅವಳ ಹೆಸರು ಹೇಳಿದರು. ಇನ್ಯಾರೋ "ಅವಳು ಡಿಗ್ರಿ ಮುಗಿಸಲಿಲ್ಲ ಅಲ್ವಾ?" ಅಂದರು. ಎಲ್ಲರೂ ನನ್ನ ಕಡೆ ನೋಡಿದರು.

"ಹೌದು, ಮುಗಿಸಲಿಲ್ಲ" ಅಂದೆ.

ಅಷ್ಟೇ. ಸುಳ್ಳೇನೂ ಹೇಳಲಿಲ್ಲ. ಹೆಸರಿನ ಮೇಲೊಂದು ಗೆರೆ ಬಿತ್ತು, ಪಟ್ಟಿ ಮುಂದೆ ಹೋಯಿತು. ಯಾಕೆ ಮುಗಿಸಲಿಲ್ಲ ಅನ್ನೋದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಆ ವರ್ಷ ತುಲಾ ಸಂಕ್ರಮಣಕ್ಕೆ ಊರಿಗೆ ಬಂದಿದ್ದೆ. ಅಕ್ಟೋಬರ್ ನಡುವಿನಲ್ಲಿ ತಲಕಾವೇರಿಯ ತೀರ್ಥೋದ್ಭವಕ್ಕೆ ಬರುವ ಜನ ಮೊದಲು ಭಾಗಮಂಡಲದ ಸಂಗಮದಲ್ಲಿ ಮುಳುಗೆದ್ದು, ಭಗಂಡೇಶ್ವರನಿಗೆ ಕೈಮುಗಿದು, ಆಮೇಲೆ ಎಂಟು ಕಿಲೋಮೀಟರ್ ಮೇಲೆ ಹೋಗ್ತಾರೆ. ಆ ಜನರ ನಡುವೆ ಸಿಕ್ಕಳು. ಒದ್ದೆ ತಲೆ, ಕೈಯಲ್ಲಿ ತೀರ್ಥಕ್ಕೆ ತಂದ ಖಾಲಿ ಬಾಟ್ಲಿ. ಮಕ್ಕಳು, ಮನೆ, ಕರಿಮೆಣಸಿನ ರೇಟು ಎಲ್ಲ ಮಾತಾಡಿದ ಮೇಲೆ ಕೇಳಿದಳು: "ನಿಮ್ಮ ಸಂಘ ಹೇಗೆ ನಡೀತಿದೆ?"

ಕೋಪ ಇರಲಿಲ್ಲ ಅವಳಲ್ಲಿ. "ನಿಮ್ಮ" ಅಂದಳು, ಅಷ್ಟೇ. ನಾನು "ಚೆನ್ನಾಗಿ ನಡೀತಿದೆ" ಅಂದೆ. ಬಸ್ಸಿನಲ್ಲಿ ಅವಳಿಗಾಗಿ ಸೀಟು ಹಿಡಿದವಳು ನಾನೇನಾ ಅಂತ ರಾತ್ರಿ ನಿದ್ದೆ ಬರಲಿಲ್ಲ.

ಮೊನ್ನೆ ಫಾರಂ ಹಿಡಿದು ಇದನ್ನೆಲ್ಲ ನೆನೆಸಿಕೊಳ್ತಾ ಕೂತಿದ್ದಾಗ ಅವ್ವ ಕೊಡೆ ಒದರುತ್ತಾ ಒಳಗೆ ಬಂದಳು. ಈ ಮಳೆಯಲ್ಲೂ ಸಂಘದ ಮೀಟಿಂಗ್ ತಪ್ಪಿಸೋದಿಲ್ಲ ಅವಳು. ಅವ್ವನದು ಸ್ತ್ರೀಶಕ್ತಿ ಸಂಘ. 2000-01ರಲ್ಲಿ ಕರ್ನಾಟಕ ಸರ್ಕಾರ ಆ ಯೋಜನೆ ತಂದ ಮೇಲೆ ಅಂಗನವಾಡಿ ಟೀಚರು ಮನೆಮನೆಗೆ ಬಂದು ಕರೆದು ಕಟ್ಟಿದ್ದು. ಇಂಥ ಸಂಘಗಳಲ್ಲಿ 15ರಿಂದ 20 ಜನ. ಇಪ್ಪತ್ತಕ್ಕೆ ನಿಲ್ಲಿಸೋದಕ್ಕೂ ಕಾರಣ ಉಂಟು: ಲಾಭಕ್ಕಾಗಿ ವ್ಯವಹಾರ ಮಾಡುವ ಗುಂಪಿನಲ್ಲಿ 20ಕ್ಕಿಂತ ಹೆಚ್ಚು ಜನರಿದ್ದರೆ ನೋಂದಣಿ ಮಾಡಿಸಲೇಬೇಕು ಅಂತ 1956ರ ಕಂಪನಿ ಕಾಯ್ದೆಯಲ್ಲಿತ್ತು. ಆ ಕಾಯ್ದೆ ಹೋಗಿ 2013ರದ್ದು ಬಂದರೂ ಇಪ್ಪತ್ತರ ಲೆಕ್ಕ ಹಾಗೇ ಉಳಿದಿದೆ.

ವಾರವಾರ ಉಳಿತಾಯ, ಅದರಿಂದಲೇ ಸಾಲ. ಜಮೀನಿನ ಪತ್ರ ಅಡ ಇಡೋದಿಲ್ಲ, ಉಳಿದವರೇ ಜಾಮೀನು. ಹಾಗಾಗಿ ಯಾರನ್ನು ಸೇರಿಸೋದು ಅನ್ನೋದೇ ದೊಡ್ಡ ಮಾತು. ನಮ್ಮ ರಾಜ್ಯದ ಮೈರಾಡ ಸಂಸ್ಥೆಯವರು 1980ರ ದಶಕದಲ್ಲಿ ಇದನ್ನು ಕಣ್ಣಾರೆ ನೋಡಿ ಕಲಿತಿದ್ದರು. ದೊಡ್ಡ ಸಹಕಾರ ಸಂಘಗಳು ಒಡೆದಾಗ ಜನ ತಾವಾಗಿಯೇ ಸಣ್ಣ ಸಣ್ಣ ಗುಂಪುಗಳಾಗಿ ನಿಂತರಂತೆ, ನಂಬಿಕೆ ಇದ್ದವರ ಜೊತೆ ನಂಬಿಕೆ ಇದ್ದವರು. ಗುಂಪಿಗಿಂತ ಮೊದಲು ನಂಟು ಇರಬೇಕು, ಸದಸ್ಯರು ಒಬ್ಬರನ್ನೊಬ್ಬರು ತಾವೇ ಆರಿಸಿಕೊಳ್ಳಬೇಕು ಅನ್ನೋದು ಅವರ ಪಾಠ. ಆಮೇಲೆ 1992ರಲ್ಲಿ ನಬಾರ್ಡ್ ಇಂಥ ಗುಂಪುಗಳಿಗೆ ಬ್ಯಾಂಕಿನ ಬಾಗಿಲು ತೆರೆಯಿತು.

ಅವ್ವನ ಸಂಘದಲ್ಲೊಮ್ಮೆ ಒಬ್ಬರನ್ನು ಸೇರಿಸೋದು ಯಾರಿಗೂ ಇಷ್ಟವಿರಲಿಲ್ಲ. ಗಂಡ ಕುಡುಕ, ಕಂತು ಕಟ್ಟೋದಿಲ್ಲ ಅಂತ. ಅವ್ವ ಎದ್ದು ನಿಂತು "ನಾನು ಹೊಣೆ" ಅಂದಳಂತೆ. ಆ ಹೆಂಗಸು ನಿಜವಾಗಿಯೂ ಒಮ್ಮೆ ನಾಲ್ಕು ವಾರ ಕಂತು ತಪ್ಪಿಸಿದರು. ಅವ್ವ ಜೇನು ಮಾರಿದ ದುಡ್ಡಿನಲ್ಲಿ ಅಷ್ಟನ್ನೂ ಕಟ್ಟಿದಳು. ಆಮೇಲೆ ಅವರು ಅದನ್ನು ಚೂರು ಚೂರಾಗಿ ತೀರಿಸಿದರು. ಇವತ್ತು ಸಂಘದ ಲೆಕ್ಕದ ಪುಸ್ತಕ ಬರೆಯೋದು ಅವರೇ.

ಅವ್ವನಿಗೆ ಫಾರಂ ತೋರಿಸಿದೆ. ಒಲೆಯ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದಳು. ಅರೆಭಾಷೆಯಲ್ಲಿ ನಡೆದ ಮಾತನ್ನು ಕನ್ನಡಕ್ಕೆ ತಂದರೆ ಇಷ್ಟು:

"ಇದಕ್ಕೆ ಸಹಿ ಹಾಕಿದರೆ ನೀನೇನು ಕಟ್ಟಬೇಕು?"

"ಏನೂ ಇಲ್ಲ."

"ಮತ್ತೆ ಯಾಕೆ ಇಷ್ಟು ಯೋಚನೆ?"

ಉತ್ತರ ಇರಲಿಲ್ಲ ನನ್ನ ಹತ್ತಿರ.

ನಮ್ಮ ಬಳಗದ ಒಬ್ಬರು ಅಮೆರಿಕದಲ್ಲಿದ್ದಾರೆ. ಅಲ್ಲಿನ ಕಾಲೇಜುಗಳ ಸೊರಾರಿಟಿಗಳ ಕತೆ ಹೇಳ್ತಿರ್ತಾರೆ. ಲ್ಯಾಟಿನ್ನಿನಲ್ಲಿ ಸೊರೊರ್ ಅಂದರೆ ಸೋದರಿ. ನಮ್ಮಲ್ಲಿ ಊರೂರುಗಳಲ್ಲಿ ಅಕ್ಕನ ಬಳಗ ಇದೆಯಲ್ಲ, ಹೆಸರಿನ ಮಟ್ಟಿಗೆ ಅದೇ. 1874ರಲ್ಲಿ ಸಿರಾಕ್ಯೂಸಿನಲ್ಲಿ ಶುರುವಾದ ಗಾಮಾ ಫೈ ಬೀಟಾಗಾಗಿ ಅಲ್ಲಿನ ಒಬ್ಬ ಮೇಷ್ಟ್ರು ಈ ಪದ ಸೂಚಿಸಿದರಂತೆ. ಹೊಸ ಹುಡುಗಿ ಸೇರಬೇಕಾದರೆ ಹಳೆ ಸದಸ್ಯೆಯರು ಶಿಫಾರಸು ಪತ್ರ ಬರೆಯೋದು ಅಲ್ಲಿ ಬಹುಕಾಲದ ರೂಢಿ. ತಾಯಿ, ಅಕ್ಕ ಸದಸ್ಯೆಯರಾಗಿದ್ದರೆ ಒಂದು ಕೈ ಮೇಲೆ. ಇದರಿಂದ ಪರಿಚಯವಿಲ್ಲದ ಮನೆಯ ಹುಡುಗಿಯರು ಹೊರಗೇ ಉಳೀತಾರೆ ಅನ್ನೋ ಮಾತು ಜೋರಾಗಿ, 2020ರಿಂದ ಈಚೆಗೆ ಹಲವು ಸೊರಾರಿಟಿಗಳು ಆ ಆದ್ಯತೆಯನ್ನು ಕೈಬಿಟ್ಟವು. ಆದರೆ ಅಲ್ಲಿ ಒಮ್ಮೆ ಒಳಗೆ ಬಂದವಳು ಸಾಮಾನ್ಯವಾಗಿ ಜೀವನಪೂರ್ತಿ ಸದಸ್ಯೆ. ನಾವು ಮಾತ್ರ, ಎರಡು ವರ್ಷ ಜೊತೆಗೆ ಉಂಡು ಮಲಗಿದವಳನ್ನು ಒಂದು ಅಂಕಪಟ್ಟಿಯ ಲೆಕ್ಕದಲ್ಲಿ ಬಿಟ್ಟೆವು.

ಇನ್ನೊಂದು ಸಂಗತಿ ಆ ರಾತ್ರಿಯೇ ತಲೆಗೆ ಹೊಳೆದದ್ದು. ನಾವು ಫೀಸು ಕಟ್ಟೋದು ಯಾರಿಗೆ? ಓದನ್ನು ಅರ್ಧಕ್ಕೆ ಬಿಡುವ ಪರಿಸ್ಥಿತಿ ಇರುವ ಹುಡುಗಿಯರಿಗೆ. ಅವರನ್ನು ಆರಿಸೋ ಸಮಿತಿಯಲ್ಲಿ ಅರ್ಧಕ್ಕೆ ಬಿಟ್ಟವಳು ಒಬ್ಬಳೂ ಇಲ್ಲ. ಹಾಗೆ ಬಿಡೋ ಹುಡುಗಿ ಮೊದಲು ಯಾರಿಗೆ ಹೇಳ್ತಾಳೆ, ಯಾರಿಗೆ ಹೇಳೋದಿಲ್ಲ, ಎಷ್ಟು ದಿನ ಮೊದಲು ದುಡ್ಡು ಸಿಕ್ಕಿದ್ದರೆ ಉಳೀತಿದ್ದಳು... ನಮಗೇನು ಗೊತ್ತು?

ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ. ಕೇಳದೆ ಹೆಸರು ಕಳಿಸೋದು ಇನ್ನೊಂದು ತಪ್ಪಾಗ್ತಿತ್ತು. ಮೊದಲ ದಿನ ನಾನೇನು ಹೇಳಿದೆ ಅನ್ನೋದನ್ನೂ ಹೇಳಿಬಿಟ್ಟೆ. "ಗೊತ್ತಿತ್ತು" ಅಂದಳು. ಸ್ವಲ್ಪ ಹೊತ್ತು ಮಳೆಯ ಸದ್ದೇ ಕೇಳಿಸ್ತಿತ್ತು, ಅವಳ ಕಡೆಯದೋ ನನ್ನ ಕಡೆಯದೋ. ಆಮೇಲೆ ಕೇಳಿದಳು: "ನಾನು ಬಂದರೆ ಏನಂತ ಪರಿಚಯ ಮಾಡ್ತೀಯ?"

"ನನ್ನ ರೂಮ್‌ಮೇಟ್ ಅಂತ."

"ನೋಡುವ. ಕಳಿಸು ಬೇಕಾದರೆ."

ಕಳಿಸಿದೆ. ಪದವಿ ಮುಗಿಸಿದ ವರ್ಷದ ಮುಂದೆ "ಮುಗಿಸಲಿಲ್ಲ. ಅವ್ವನನ್ನೂ ತಮ್ಮಂದಿರನ್ನೂ ನೋಡಿಕೊಂಡಳು" ಅಂತ ಬರೆದೆ. ಹಾಸ್ಟೆಲ್ಲಿನಲ್ಲಿ ಒಂದು ವರ್ಷ ಇದ್ದವರನ್ನೆಲ್ಲ ಸೇರಿಸುವ ಹಾಗೆ ನಿಯಮ ಬದಲಿಸಿ ಅಂತ ಅಕ್ಕನಿಗೆ ಬೇರೆ ಪತ್ರ. ನಮ್ಮೂರ ಸಂಗಮದಲ್ಲಿ ಕಣ್ಣಿಗೆ ಕಾಣೋದು ಕಾವೇರಿ, ಕನ್ನಿಕೆ ಎರಡೇ, ಸುಜ್ಯೋತಿ ಕಾಣೋದಿಲ್ಲ, ಆದರೂ ತ್ರಿವೇಣಿ ಅಂತಲೇ ಕರೀತೀವಿ ಅಂತಲೂ ಬರೆದಿದ್ದೆ. ಅಕ್ಕನಿಗೆ ಇಂಥದ್ದೆಲ್ಲ ಆಗಿ ಬರೋದಿಲ್ಲ ಅಂತ ಅಳಿಸಿದೆ :)

ಅಕ್ಕನ ಉತ್ತರ ನಿನ್ನೆ ಬಂತು. "ನಿಯಮ ಸಡಿಲ ಮಾಡಿದರೆ ನಾಳೆ ಒಂದು ತಿಂಗಳು ಇದ್ದವರೂ ಬರ್ತಾರೆ, ದುಡ್ಡಿನ ಜವಾಬ್ದಾರಿ ಯಾರದು?" ತಪ್ಪು ಪ್ರಶ್ನೆಯಲ್ಲ. ಅವ್ವನ ಉತ್ತರವನ್ನೇ ಬರೆದೆ: "ಇವಳ ಮಟ್ಟಿಗೆ ನಾನು ಹೊಣೆ."

ಸಭೆ ಇರೋದು ಮುಂದಿನ ತಿಂಗಳು. ಎರಡನೇ ಸಹಿ ಇನ್ನೂ ಖಾಲಿ ಇದೆ. ಸುಳ್ಯದ ಆ ಹುಡುಗಿಯರಲ್ಲಿ ಒಬ್ಬಳಿಗೆ ಇವತ್ತು ಫೋನ್ ಮಾಡಬೇಕು, ಸಿಗ್ನಲ್ ಸಿಕ್ಕಿದರೆ. ನಮ್ಮ ಮಾತೆಲ್ಲ ಅರ್ಥವಾಗ್ತಿದ್ದವಳು ಅವಳೊಬ್ಬಳೇ ತಾನೇ?